ಕಾಲವಿದರಿಗೆ ಹಾರ್ದಿಕ ಸ್ವಾಗತ

ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು, ಅದರ ಸಾರ ಇಷ್ಟು. ನಮ್ಮ ಕಲಾವಿದರಿಗೆ ಇನ್ನು ಮುಂದೆ ಮೆಂಟರ್, ಅಂದರೆ ಮಾರ್ಗದರ್ಶಕರು, ಸಿಗುತ್ತಾರಂತೆ. ಅವರ ಬದುಕು ಸುಸ್ಥಿರ ಆಗುತ್ತದಂತೆ. ಅದಕ್ಕಾಗಿ ದಾವಣಗೆರೆಯಲ್ಲಿ ಒಂದು ದಿನದ ಕಾರ್ಯಾಗಾರವೂ ಆಯಿತು. ಬೆಳಿಗ್ಗೆ ಹತ್ತಕ್ಕೆ ಶುರು, ಅಂದರೆ ಹನ್ನೆರಡಕ್ಕೆ. ಸಂಜೆ ಐದರ ಹೊತ್ತಿಗೆ ಎಲ್ಲರೂ ಸುಸ್ಥಿರ.

ನಾನೂ ಹೋಗಿದ್ದೆ. ಬಾಗಿಲಲ್ಲೇ ದೊಡ್ಡ ಫ್ಲೆಕ್ಸ್. ಅದರಲ್ಲಿ ಹದಿನಾಲ್ಕು ಮುಖ. ಎಣಿಸಿದೆ, ಬೇರೆ ಕೆಲಸ ಇರಲಿಲ್ಲ. ಹದಿನಾಲ್ಕರಲ್ಲಿ ಒಬ್ಬರೂ ಹಾಡುವವರಲ್ಲ, ಕುಣಿಯುವವರಲ್ಲ, ಬಣ್ಣ ಮುಟ್ಟಿದವರಲ್ಲ. ಕಲಾವಿದರ ಪರವಾಗಿ ಒಂದು ಮೂಲೆಯಲ್ಲಿ ಬಣ್ಣದ ತಟ್ಟೆ, ಒಂದು ಕುಂಚ. ಅದೂ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಕಾಲವಿದರಿಗೆ ಹಾರ್ದಿಕ ಸ್ವಾಗತ'.

ದೀರ್ಘ ಒಂದು ಅಕ್ಷರ ಹಿಂದೆ ಸರಿದು ಕೂತಿದೆ. ಮೊದಲು ನಗು ಬಂತು. ಆಮೇಲೆ ಇದು ತಪ್ಪೇ ಅಲ್ಲ ಅನ್ನಿಸಿತು. ಕಾಲವನ್ನು ಬಲ್ಲವರು ಕಾಲವಿದರು. ನಮ್ಮ ಕಲಾವಿದರಿಗಿಂತ ಚೆನ್ನಾಗಿ ಕಾಲವನ್ನು ಬಲ್ಲವರು ಯಾರಿದ್ದಾರೆ ಹೇಳಿ? ರಾಜ್ಯೋತ್ಸವಕ್ಕೆ ಡೊಳ್ಳು ಬಾರಿಸಿದರೆ ದುಡ್ಡು ಯುಗಾದಿಗೆ. ಯುಗಾದಿಗೆ ಹಾಡಿದ್ದು ಗಣಪತಿ ಹಬ್ಬಕ್ಕೆ. ಗಣಪತಿ ಹಬ್ಬಕ್ಕೆ ಕುಣಿದಿದ್ದು 'ಗ್ರಾಂಟ್ ಬಂದ ಮೇಲೆ'. ಪಂಚಾಂಗದಲ್ಲಿ ಇಲ್ಲದ ತಿಥಿಯೂ ಅವರಿಗೆ ಗೊತ್ತು.

ಪಕ್ಕದಲ್ಲಿ ಬೋರ್ಡಣ್ಣ ನಿಂತಿದ್ದ. ಹೆಸರು ಬೇಡ, ಊರಿಗೆಲ್ಲ ಅವನು ಬೋರ್ಡಣ್ಣನೇ. ವಯಸ್ಸು 54. ಒಂದು ಕಾಲಕ್ಕೆ ಪೇಟೆಯ ಎಷ್ಟೋ ಅಂಗಡಿಗಳ ಹೆಸರು ಅವನ ಕೈಯಲ್ಲಿ ಹುಟ್ಟಿದವು. ದಾರಕ್ಕೆ ಸೀಮೆಸುಣ್ಣ ಬಳಿದು, ತಗಡಿನ ಮೇಲೆ ಹಿಡಿದು, ಚಿಟ್ ಅಂತ ಬಿಟ್ಟರೆ ನೆಟ್ಟಗೆ ಗೆರೆ. ಆ ಗೆರೆ ಮೇಲೆ ಎನಾಮಲ್ ಬಣ್ಣದ ಅಕ್ಷರ. ನಾಟಕದವರಿಗೆ ಪರದೆಯನ್ನೂ ಬರೆಯುತ್ತಿದ್ದ. ಅರಮನೆ ಸೀನು, ಕಾಡು ಸೀನು, ರಸ್ತೆ ಸೀನು. ಆಮೇಲೆ ಫ್ಲೆಕ್ಸ್ ಬಂತು. ಈಗ ಶಾಲೆ ಗೋಡೆಗೆ ಮಗ್ಗಿ ಬರೆಯುತ್ತಾನೆ, ನೀರಿನ ಟ್ಯಾಂಕಿಗೆ 'ಕುಡಿಯುವ ನೀರು' ಬರೆಯುತ್ತಾನೆ.

'ಅಣ್ಣಾ, ನೋಡಿದ್ಯಾ?' ಅಂದೆ.

'ನೋಡ್ದೆ. ನಮ್ ಕಾಲದಾಗ ಹಿಂಗ್ ಬರ್ದಿದ್ರೆ ಸಾವ್ಕಾರ್ರು ಬೋರ್ಡು ವಾಪಸ್ ಕಳಸ್ತಿದ್ರು. ರೊಕ್ಕಾನೂ ಕೊಡ್ತಿರಲಿಲ್ಲ.'

ಅವನ ಅನ್ನ ಕಿತ್ತುಕೊಂಡ ಫ್ಲೆಕ್ಸಿನಲ್ಲೇ ಅವನಿಗೆ ಸ್ವಾಗತ. ಇಷ್ಟು ದೊಡ್ಡ ಮನಸ್ಸು ಎಲ್ಲರಿಗೂ ಬರಲ್ಲ.

ಒಳಗೆ ಮೊದಲನೇ ಮೆಂಟರ್ ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಬೆಂಗಳೂರಿನಿಂದ ಬಂದವರು. 'ನಿಮ್ಮ ಪ್ಯಾಷನ್ ಏನು? ನಿಮ್ಮನ್ನು ನೀವೇ ಬ್ರ್ಯಾಂಡ್ ಮಾಡಿಕೊಳ್ಳಿ. ಕಂಫರ್ಟ್ ಜೋನಿನಿಂದ ಹೊರಗೆ ಬನ್ನಿ.' ಜಗಳೂರು ಕಡೆಯ ತತ್ವಪದದ ತಾತ ಒಬ್ಬರು ಏಕತಾರಿ ತೊಡೆ ಮೇಲಿಟ್ಟುಕೊಂಡು ಗಂಭೀರವಾಗಿ ಕೇಳುತ್ತಿದ್ದರು. ಕಂಫರ್ಟ್ ಜೋನ್ ಅಂದರೆ ಯಾವ ಊರಿನ ಹತ್ತಿರ ಬರುತ್ತದೆ ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ತಾತ, ಅಲ್ಲಿಗೆ ಬಸ್ಸಿಲ್ಲ ಅಂದೆ. ಮೆಂಟರ್ ತಾತನ ಕಡೆ ತಿರುಗಿ, 'ನೀವು ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿ' ಅಂದರು. 'ಮೂವತ್ತು ಸೆಕೆಂಡಿಗೆ ಶ್ರುತಿನೇ ಕೂಡಲ್ಲ ಸಾರ್' ಅಂದರು ತಾತ. ಸಭೆ ಚಪ್ಪಾಳೆ ಹೊಡೆಯಿತು. ಮೆಂಟರೂ ಹೊಡೆದರು, ತಮಗೇ ಅಂದುಕೊಂಡು.

ಆಮೇಲೆ ನೋಂದಣಿ. ಮೊಬೈಲಿನಲ್ಲೇ ಫಾರಂ ತುಂಬಬೇಕು. ಹೆಸರು, ಮೇಲ್ ಐಡಿ, ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ಲಿಂಕ್, ಐದು ವರ್ಷದ ಗುರಿ ನೂರು ಪದಗಳಲ್ಲಿ. ಲಿಂಕ್ ಕೊಡದಿದ್ದರೆ ಫಾರಂ ಮುಂದಕ್ಕೇ ಹೋಗಲ್ಲ. ನನಗೆ ಪಕ್ಕದ ಜಿಲ್ಲೆಯ ಸಿರಿಯಜ್ಜಿ ನೆನಪಾದರು. ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯವರು. ಓದು ಬರಹ ಇಲ್ಲ. ಸಾವಿರಾರು ಹಾಡು ಬಾಯಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಆ ಅಜ್ಜಿ ಇವತ್ತು ಬಂದಿದ್ದರೆ ನಮ್ಮ ಫಾರಂ 'ದಯವಿಟ್ಟು ಸರಿಯಾದ ಲಿಂಕ್ ನಮೂದಿಸಿ' ಅಂತ ಕೆಂಪಕ್ಷರದಲ್ಲಿ ಬೈದು ವಾಪಸ್ ಕಳಿಸುತ್ತಿತ್ತು.

ಊಟಕ್ಕೆ ಬಿಟ್ಟಾಗ ಕೂತು ಒಂದು ಲೆಕ್ಕ ಹಾಕಿದೆ. ಕೇಂದ್ರದ ಸಂಸ್ಕೃತಿ ಇಲಾಖೆಯಲ್ಲಿ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಇದೆ. ವಯಸ್ಸು 18ರಿಂದ 25. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಸರಿ. ನಮ್ಮ ರಾಜ್ಯದಲ್ಲಿ ಕಲಾವಿದರಿಗೆ ಮಾಸಾಶನ ಇದೆ. ಅದು 58 ತುಂಬಿದ ಮೇಲೆ. ಅದೂ ಸರಿ. 58ರಲ್ಲಿ 25 ಕಳೆದರೆ 33. ಈ 33 ವರ್ಷ ಕಲಾವಿದ ಏನು ತಿನ್ನಬೇಕು? ಕೇಂದ್ರದ ಫೆಲೋಶಿಪ್ ಇದೆಯಲ್ಲ ಅನ್ನುತ್ತೀರಿ. ಇದೆ. ಕಿರಿಯರಿಗೆ ತಿಂಗಳಿಗೆ 10,000, ಹಿರಿಯರಿಗೆ 20,000, ಎರಡು ವರ್ಷಕ್ಕೆ. ವರ್ಷಕ್ಕೆ 400 ಜನಕ್ಕೆ. ದಾವಣಗೆರೆಗಲ್ಲ, ಇಡೀ ದೇಶಕ್ಕೆ. ಉಳಿದವರಿಗೆ ಇನ್ನು ಮೇಲೆ ಮೆಂಟರ್. ಬೋರ್ಡಣ್ಣನಿಗೆ ಇನ್ನು ನಾಲ್ಕೇ ವರ್ಷ, ತಡೆದುಕೊಂಡರೆ ಆಯಿತು.

ಊಟ ಮಾತ್ರ ಚೆನ್ನಾಗಿತ್ತು. ಅಡುಗೆಯವರಿಗೆ ಹಿಂದಿನ ದಿನವೇ ಅಡ್ವಾನ್ಸ್ ಕೊಟ್ಟಿದ್ದರಂತೆ.

ಊಟದ ಮಾತು ಬಂತಲ್ಲ, ದೋಸೆ ವಿಷಯ ಹೇಳಿಬಿಡುತ್ತೇನೆ. ಈ ಊರಲ್ಲಿ ಕೂತು ಅದನ್ನು ಹೇಳದಿದ್ದರೆ ಪಾಪ. ನಮ್ಮ ಬೆಣ್ಣೆ ದೋಸೆಯ ಮೂಲದ ಕತೆ ಎಲ್ಲರಿಗೂ ಗೊತ್ತು. 1928ರಲ್ಲಿ ಬೆಳಗಾವಿ ಸೀಮೆಯ ಒಂದು ಹಳ್ಳಿಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ದೋಸೆ ಅಂಗಡಿ ಇಟ್ಟರು. ಎಲ್ಲಿ ಇಟ್ಟರು? ನಾಟಕದ ಥಿಯೇಟರ್ ಹತ್ತಿರ. ನಾಟಕ ನೋಡಲು ಬಂದವರು ದೋಸೆ ತಿಂದರು. ಅಂದರೆ ಈ ಊರಿನ ದೋಸೆಯನ್ನು ಮೊದಲು ಸಾಕಿದ್ದು ನಾಟಕ. ಈಗ ಥಿಯೇಟರ್ ಇಲ್ಲ, ನಾಟಕ ನೋಡಲು ಸಾಲು ನಿಲ್ಲುವವರೂ ಇಲ್ಲ. ದೋಸೆ ಇದೆ. ಹುಬ್ಬಳ್ಳಿಯಲ್ಲಿದೆ, ಬೆಂಗಳೂರಿನ ಪ್ರತಿ ಬಡಾವಣೆಯಲ್ಲಿದೆ, ನಮ್ಮ ಊರು ನೋಡದವನೂ ನಮ್ಮ ಊರಿನ ಹೆಸರು ಹಾಕಿಕೊಂಡು ಹುಯ್ಯುತ್ತಿದ್ದಾನೆ. ಸುಸ್ಥಿರ ಅಂದರೆ ಇದು.

ಅಲ್ಲಿ ಮೆಂಟರ್ ವ್ಯವಸ್ಥೆ ಹೇಗಿದೆ ನೋಡಿ. ಹುಡುಗ ಮೊದಲು ಟೇಬಲ್ ಒರೆಸುತ್ತಾನೆ. ಆಮೇಲೆ ಕಾಯಿ ತುರಿಯುತ್ತಾನೆ. ಅಕ್ಕಿಗೆ ಉದ್ದು ಎಷ್ಟು, ಮಂಡಕ್ಕಿ ಎಷ್ಟು ಅಂತ ಕಣ್ಣಲ್ಲೇ ಕಲಿಯುತ್ತಾನೆ. ಒಂದು ದಿನ ಭಟ್ಟರು ಊರಿಗೆ ಹೋಗಿರುತ್ತಾರೆ, ಹುಡುಗ ಕಾವಲಿ ಮುಂದೆ ನಿಲ್ಲುತ್ತಾನೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸೌದೆ ಉರಿ ಒಂದು ಚೂರು ಹಿಂದಕ್ಕೆಳೆದು, ಮೊದಲ ದೋಸೆ ಹುಯ್ಯುತ್ತಾನೆ. ಕೆಡುತ್ತದೆ. ಬೈಸಿಕೊಳ್ಳುತ್ತಾನೆ. ಹತ್ತನೆಯದು ಕೂಡುತ್ತದೆ. ಕೆಲವು ವರ್ಷ ಕಳೆದರೆ ಅವನದೇ ಅಂಗಡಿ, ಅವನದೇ ಬೋರ್ಡು. ಅವನಿಗೆ ಯಾರೂ ಪ್ಯಾಷನ್ ಏನಪ್ಪ ಅಂತ ಕೇಳಲಿಲ್ಲ. ಸಂಜೆ ಲೆಕ್ಕದ ದುಡ್ಡು ಕೊಟ್ಟರು, ರಾತ್ರಿ ಊಟ ಹಾಕಿದರು, ಅಷ್ಟೇ.

ನಾಟಕ ಕಂಪನಿಯಲ್ಲೂ ಹೀಗೇ ಇತ್ತಲ್ವಾ? ಚಿಂದೋಡಿ ಮನೆತನದ ಕಂಪನಿ ಇದೇ ಊರಿನದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿಗೆ ಸೇರಿದ ಹುಡುಗ ಪರದೆ ಎಳೆಯುತ್ತ ಎಳೆಯುತ್ತ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಹಾರ್ಮೋನಿಯಂ ಮಾಸ್ತರು ಅಪಸ್ವರ ಬಂದರೆ ಅಲ್ಲೇ ತಲೆಗೆ ಮೊಟಕುತ್ತಿದ್ದರು. ಕಲಿಸುವ ಮಾಸ್ತರೂ ಅನ್ನ ಹಾಕುವ ಅಡುಗೆ ಮನೆಯೂ ಒಂದೇ ಡೇರೆಯಲ್ಲಿ. ಸ್ವರ್ಗ ಅಂತಲ್ಲ. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಸಂಬಳ ಇಲ್ಲ. ಎಷ್ಟೋ ಜನ ಸಾಲ ಹೊತ್ತುಕೊಂಡೇ ಸತ್ತರು. ಆದರೆ ಕಂಪನಿ ಮಾಲೀಕರೂ ಅದೇ ಮಳೆಯಲ್ಲಿ ನೆನೆಯುತ್ತಿದ್ದರು.

ಈಗಲೂ ಮಾಡುವವರು ಮಾಡುತ್ತಿದ್ದಾರೆ, ಇಲ್ಲ ಅಂದರೆ ಅನ್ಯಾಯ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ 1997ರಿಂದ ನಾಟಕ ಹೊತ್ತುಕೊಂಡು ಊರೂರು ತಿರುಗುತ್ತಿದೆ. ಮೆಂಟರ್ ಅನ್ನುವ ಪದ ಅಲ್ಲಿ ಯಾರೂ ಬಳಸಿದ್ದು ನಾನು ಕೇಳಿಲ್ಲ.

ಮಧ್ಯಾಹ್ನ 'ಒಬ್ಬರಿಗೊಬ್ಬರು' ಅಂತ ಒಂದು ಕಾರ್ಯಕ್ರಮ. ಪ್ರತಿ ಕಲಾವಿದನಿಗೂ ಒಬ್ಬ ಮೆಂಟರ್, ತಲಾ ಏಳು ನಿಮಿಷ. ಕುರ್ಚಿ ಎದುರುಬದುರು ಹಾಕಿದ್ದರು, ಹೆಣ್ಣು ನೋಡುವ ಶಾಸ್ತ್ರದ ಹಾಗೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ. ನಮ್ಮ ಊರಿನ ದೃಶ್ಯಕಲಾ ಕಾಲೇಜಿನಲ್ಲಿ ಓದಿದವನು. 1964ರಿಂದ ಇರುವ ಕಾಲೇಜು ಅದು, ಸಣ್ಣದೇನಲ್ಲ. ಈ ಹುಡುಗ ಗೋಡೆಗಳಿಗೆ ಚಿತ್ರ ಬರೆಯುತ್ತಾನೆ. ಊರು ಸ್ವಚ್ಛ ಅಂತ ತೋರಿಸಲು ಗೋಡೆ ಮೇಲೆ ವೀರಗಾಸೆ, ಕೋಲಾಟ, ನವಿಲು ಬರೆಸುತ್ತಾರಲ್ಲ, ಅದು. ಚದರಡಿ ಲೆಕ್ಕ, ಟೈಲ್ಸ್ ಹಾಕಿದ ಹಾಗೆ. ವೀರಭದ್ರನ ಮುಖ ಬರೆದರೂ ಒಂದೇ ರೇಟು, ಹಿಂದಿನ ಖಾಲಿ ಆಕಾಶ ಬಳಿದರೂ ಒಂದೇ ರೇಟು. ಅದಕ್ಕೇ ನಮ್ಮ ಊರಿನ ಗೋಡೆಗಳಲ್ಲಿ ಆಕಾಶ ಜಾಸ್ತಿ. ಬರೆದ ವಾರಕ್ಕೆ ವೀರಭದ್ರನ ಪಾದಕ್ಕೆ ಗುಟ್ಕಾ ಅಭಿಷೇಕ.

ಮೆಂಟರ್ ಕೇಳಿದರು, 'ಮುಂದಿನ ಐದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ನೋಡುತ್ತೀರಿ?'

ಹುಡುಗ ಅಂದ, 'ಬಿಲ್ ಸೆಕ್ಷನ್ ಮುಂದೆ ಸರ್. ಹೋದ ವರ್ಷದ್ದೇ ಆಗಿಲ್ಲ.'

ಮೆಂಟರ್ ನಕ್ಕರು. 'ಪಾಸಿಟಿವ್ ಆಗಿ ಯೋಚಿಸಿ' ಅಂದರು. ಗಂಟೆ ಹೊಡೆಯಿತು, ಏಳು ನಿಮಿಷ ಮುಗಿಯಿತು.

ನನಗೆ ಇಲ್ಲಿ ತಮಾಷೆ ಮಾಡಲು ಆಗುತ್ತಿಲ್ಲ. ಆ ಹುಡುಗನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಅವನಿಗೆ ಬರೆಯಲು ಬರುತ್ತದೆ. ಹೇಗೆ ಬರೆಯಬೇಕು ಅಂತ ಕಲಿಸಿದ ಮೇಷ್ಟ್ರು ಇದ್ದರು. ದುಡಿಯಲು ತಯಾರಿದ್ದಾನೆ, ಬಿಸಿಲಲ್ಲಿ ಏಣಿ ಮೇಲೆ ನಿಂತು ದುಡಿದೂ ಆಗಿದೆ. ಬಾಕಿ ಇರುವುದು ಅವನ ದುಡ್ಡು. ಅದನ್ನು ಕೊಡಿ. ಮಾರ್ಗದರ್ಶನ ಬೇಡ, ಬ್ರ್ಯಾಂಡು ಬೇಡ. ಮಾಡಿಸಿಕೊಂಡ ಕೆಲಸಕ್ಕೆ ಹೇಳಿದ ದಿನ ಹೇಳಿದಷ್ಟು ಕೊಡಿ. ಇಷ್ಟು ಹೇಳಲು ನನಗೆ ಈ ಅಂಕಣದಲ್ಲಿ ಇದು ಎಷ್ಟನೇ ಸಲವೋ. ನನಗೇ ಬೇಜಾರಾಗಿದೆ.

ಇರಲಿ. ಕೊನೆಗೆ ಪ್ರಮಾಣಪತ್ರ. ಅರವತ್ತು ಪತ್ರ ಅಚ್ಚಾಗಿ ಬಂದಿವೆ, ಹೆಸರಿನ ಜಾಗ ಖಾಲಿ. ಯಾರೋ ಬೋರ್ಡಣ್ಣನನ್ನು ಕಂಡರು. 'ಅಣ್ಣಾರ, ನಿಮ್ಮ ಅಕ್ಷರ ಮುತ್ತು. ಹೆಸರು ಒಂಚೂರು ಬರೆದುಕೊಟ್ಟುಬಿಡ್ರಿ.' ಅವನು ಕಿಸೆಯಿಂದ ಪೆನ್ನು ತೆಗೆದು ನೆಲದ ಮೇಲೆ ಕೂತ. ಒಂದು ಗಂಟೆ ಬರೆದ. ಅರವತ್ತನೆಯದು ಅವನದೇ. ಅದರಲ್ಲೂ ಬರೆದುಕೊಂಡ, ಬೇರೆಯವರದಕ್ಕಿಂತ ದಪ್ಪಗೂ ಅಲ್ಲ, ಸಣ್ಣಗೂ ಅಲ್ಲ. ಆಮೇಲೆ ಅದೇ ಪತ್ರವನ್ನು ಎತ್ತಿ ಸಂಘಟಕರಿಗೆ ತೋರಿಸಿದ. ಅಲ್ಲೂ 'ಕಾಲವಿದ' ಅಂತಲೇ ಅಚ್ಚಾಗಿತ್ತು.

'ಅಯ್ಯೋ, ಹೌದಲ್ರೀ' ಅಂದರು ಸಂಘಟಕರು. 'ಪತ್ರ ಹೋಗ್ಲಿ, ಯಾರು ಓದ್ತಾರೆ. ಹೊರಗಿನ ಫ್ಲೆಕ್ಸ್ ಒಂದು ಸರಿ ಮಾಡಿಬಿಡ್ರಿ ಅಣ್ಣಾರ. ಸಾಹೇಬ್ರು ಫೋಟೊ ತೆಗೆಸ್ಕೋಬೇಕು ಅಲ್ಲಿ.'

ಬೋರ್ಡಣ್ಣ ಎದ್ದು ಮೊಣಕಾಲು ಒರೆಸಿಕೊಂಡ. ಹೊರಗೆ ಹೋಗಿ ಫ್ಲೆಕ್ಸ್ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ಅಳತೆ ನೋಡಿದ.

'ಒಂದು ದೀರ್ಘ ಅಳಸ್ಬೇಕು, ಒಂದು ದೀರ್ಘ ಎಳೀಬೇಕು. ಎರಡು ಕೆಲಸ ಆತು. ನೂರು ರೂಪಾಯಿ. ಅಡ್ವಾನ್ಸು.'

'ನೋಡೋಣ ಬಿಡ್ರಿ' ಅಂದರು ಸಂಘಟಕರು.

ಫ್ಲೆಕ್ಸ್ ಇನ್ನೂ ಅಲ್ಲೇ ಇದೆ. ನಿನ್ನೆ ಸಂಜೆಯೂ ನೋಡಿದೆ.