ನಂಬರ್ ತೆಗೆಸಿದರೆ ಕಣ್ಣು ತೋರಿಸಿದಂತಲ್ಲ

ಧಾರವಾಡದ ಸುಭಾಷ್ ರೋಡ್ ಇರಲಿ, ಹುಬ್ಬಳ್ಳಿಯ ಕೊಪ್ಪಿಕರ್ ರೋಡ್ ಇರಲಿ, ಒಂದು ಬೋರ್ಡ್ ಮಾತ್ರ ಕಣ್ಣಿಗೆ ಬೀಳದೇ ಇರುವುದಿಲ್ಲ. "ಕಂಪ್ಯೂಟರ್ ಕಣ್ಣು ಪರೀಕ್ಷೆ, ಉಚಿತ." ನನಗೆ ಈ ಬೋರ್ಡ್ ಕಂಡರೆ ಸಿಟ್ಟು ಬರುತ್ತದೆ. ಚಷ್ಮಾ ಅಂಗಡಿಯವರ ಮೇಲೆ ಸಿಟ್ಟಿಲ್ಲ, ಅವರು ತಮ್ಮ ವ್ಯಾಪಾರ ಮಾಡುತ್ತಾರೆ, ಒಳ್ಳೆಯ ಚಷ್ಮಾ ಕೊಡುತ್ತಾರೆ. ಆದರೆ ಅಲ್ಲಿಂದ ಹೊರಗೆ ಬರುವವರು "ಕಣ್ಣು ತೋರಿಸಿಕೊಂಡು ಬಂದೆ, ಎಲ್ಲಾ ಚಲೋ ಇದೆ" ಅಂತ ಹೇಳುತ್ತಾರಲ್ಲ, ಅದು ಸುಳ್ಳು ಸಮಾಧಾನ. ತೋರಿಸಿದ್ದು ನಂಬರ್ ಮಾತ್ರ. ಕಣ್ಣನ್ನು ಯಾರೂ ಒಳಗೆ ನೋಡಿಲ್ಲ.

ಆ ಕಂಪ್ಯೂಟರ್ ಯಂತ್ರದಲ್ಲಿ ಗಲ್ಲ ಇಟ್ಟು ನೋಡಿದರೆ ಒಂದು ಚಿತ್ರ ಕಾಣುತ್ತದೆ, ಮಸುಕಾಗುತ್ತದೆ, ಸ್ಪಷ್ಟ ಆಗುತ್ತದೆ. ಅಷ್ಟರಲ್ಲಿ ಅದು ಯಾವ ಪವರಿನ ಗಾಜು ಬೇಕು ಅಂತ ಅಂದಾಜು ಹೇಳುತ್ತದೆ. ಕಣ್ಣಿನ ಹಿಂದಿನ ಪರದೆ (ರೆಟಿನಾ), ಮೆದುಳಿಗೆ ಹೋಗುವ ನರ, ಕಣ್ಣೊಳಗಿನ ಒತ್ತಡ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ವಯಸ್ಸಾದ ಮೇಲೆ ಶಾಶ್ವತವಾಗಿ ದೃಷ್ಟಿ ಕಳೆಯುವ ಕಾಯಿಲೆಗಳು ಕೂತಿರುವುದೇ ಆ ಜಾಗಗಳಲ್ಲಿ.

ನಮ್ಮ ಕಾಕಾನ ಮಾತು ಹೇಳುತ್ತೇನೆ. ಬ್ಯಾಡಗಿ ಹತ್ತಿರದ ಹಳ್ಳಿ, ಅರವತ್ತು ದಾಟಿದ ಮನುಷ್ಯ, ಇವತ್ತಿಗೂ ಹೊಲಕ್ಕೆ ಹೋಗುತ್ತಾರೆ. ಚಷ್ಮಾ ಮೇಲೆ ಚಷ್ಮಾ ಬದಲಿಸಿದರು, ಪ್ರತಿ ಸಲ ಅಂಗಡಿಯಲ್ಲೇ ನಂಬರ್ ತೆಗೆಸಿದರು. ಪೇಪರ್ ಓದುತ್ತಿದ್ದರು. ಎದುರಿಗೆ ಬಂದವರ ಗುರುತು ಹಿಡಿಯುತ್ತಿದ್ದರು. ಕಾಕೂ ಒಬ್ಬರೇ ಗೊಣಗುತ್ತಿದ್ದರು: "ಹಗಲೊತ್ತಿನ್ಯಾಗೂ ಬಾಗಲಾ ಬಡಿಸ್ಕೊಂತಾರ ನೋಡಪಾ, ಪಕ್ಕದಾಗ ಇಟ್ಟ ತಂಬಗಿ ಒದೀತಾರ." ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದವಾಖಾನೆಗೆ ಹೋಗೋಣ ಅಂದರೆ ಕಾಕಾನ ಉತ್ತರ ಸಿದ್ಧ: "ಕಾಣ್ತದಲ್ಲೋ ತಮ್ಮಾ, ಮತ್ತ ಯಾಕ?"

ಕೊನೆಗೆ ಬೈಕಿನವನೊಬ್ಬ ಪಕ್ಕದಿಂದ ಬಂದು ಗುದ್ದಿದ. ಸಣ್ಣ ಪೆಟ್ಟು. ಆದರೆ ಆ ಬೈಕ್ ಬಂದಿದ್ದೇ ತಮಗೆ ಕಾಣಲಿಲ್ಲ ಅಂತ ಕಾಕಾ ಹೇಳಿದಾಗ ಎಲ್ಲರಿಗೂ ಹೆದರಿಕೆ ಆಯ್ತು. ಹುಬ್ಬಳ್ಳಿಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಗ್ಲಾಕೋಮಾ. ಒಂದು ಕಣ್ಣಿನ ನರ ಬಹುಪಾಲು ಒಣಗಿದೆ, ಇನ್ನೊಂದರದು ಅರ್ಧಕ್ಕೆ ಬಂದಿದೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು.

ಕಣ್ಣೊಳಗೆ ಒಂದು ನೀರು ಸದಾ ತಯಾರಾಗುತ್ತದೆ, ಸದಾ ಹೊರಗೆ ಹೋಗುತ್ತದೆ. ಅಳುವಾಗ ಬರುವ ಕಣ್ಣೀರು ಬೇರೆ, ಇದು ಒಳಗಿನದು. ಬಚ್ಚಲ ಮೋರಿಗೆ ಕಸ ಕಟ್ಟಿ, ನಲ್ಲಿ ಮಾತ್ರ ಚಾಲೂ ಇದ್ದರೆ ಏನಾಗುತ್ತದೆ? ಅದೇ ಇಲ್ಲೂ ಆಗುತ್ತದೆ. ಒತ್ತಡ ಏರುತ್ತದೆ, ಹಿಂದಿನ ನರ ನಿಧಾನಕ್ಕೆ ಸಾಯುತ್ತದೆ. ಸಾಮಾನ್ಯವಾಗಿ ಒತ್ತಡ (ಪಾದರಸದ ಮಿ.ಮೀ. ಲೆಕ್ಕದಲ್ಲಿ) 10ರಿಂದ 21ರ ಒಳಗೆ ಇರಬೇಕು ಅನ್ನುತ್ತಾರೆ. ಆದರೆ ಕೆಲವರಿಗೆ ಒತ್ತಡ ಸರಿ ಇದ್ದೂ ನರ ಹಾಳಾಗುತ್ತದೆ. ಅದಕ್ಕೇ ಕಣ್ಣಿಗೆ ಪುಸ್ ಅಂತ ಗಾಳಿ ಊದಿ ನೋಡಿದರೆ ಸಾಲದು, ನರವನ್ನೂ ನೋಡಲೇಬೇಕು.

ಇದರಲ್ಲಿ ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಒಮ್ಮೆಲೇ ಒತ್ತಡ ಏರಿ ತಲೆನೋವು, ವಾಂತಿ ಬರುವ ಇನ್ನೊಂದು ಥರ ಇದೆ, ಅದು ಬಂದವರು ಓಡಿ ಬರುತ್ತಾರೆ. ಮೋಸ ಮಾಡುವುದು ಈ ಸುಮ್ನೆ ಇರುವ ಥರ. ಮೊದಲು ಹೋಗುವುದು ಪಕ್ಕದ ನೋಟ. ನಡುವಿನ ನೋಟ ಕೊನೆಯವರೆಗೂ ಇರುತ್ತದೆ, ಹೀಗಾಗಿ ಅಕ್ಷರ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಸಿಕೊಡುತ್ತದೆ. ಉಳಿದ ಖಾಲಿ ಜಾಗವನ್ನು ಮೆದುಳು ತಾನೇ ಊಹಿಸಿ ಮುಚ್ಚಿಬಿಡುತ್ತದೆ. "ಕಾಣ್ತದಲ್ಲ" ಅನ್ನುವ ನಮ್ಮ ಅಳತೆಗೋಲು ಇಲ್ಲಿ ಏನೂ ಕೆಲಸಕ್ಕೆ ಬಾರದು.

ಅಪ್ಪ, ಅವ್ವ, ಅಣ್ಣ, ಅಕ್ಕ, ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಉಳಿದವರಿಗೂ ಬರುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಇದನ್ನು ಹೇಳಿದ ಕೂಡಲೇ ನಮ್ಮಪ್ಪನನ್ನೂ ಕರೆದೊಯ್ದು ತೋರಿಸಿದೆವು. ಅವರ ನರದ ಮೇಲೂ ಅನುಮಾನ ಇದೆ, ಔಷಧ ಬೇಡ, ಬಿಡದೆ ಬಂದು ತೋರಿಸುತ್ತಿರಿ ಅಂದಿದ್ದಾರೆ. ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಅಂತ ಒಂದು ಇದೆ, ಯಂತ್ರದ ಒಳಗೆ ಅಲ್ಲಲ್ಲಿ ಸಣ್ಣ ದೀಪ ಮಿನುಗಿದಾಗ ಗುಂಡಿ ಒತ್ತಬೇಕು. ಅಪ್ಪನಿಗೆ ಅದು ಪರೀಕ್ಷೆ ಬರೆದಷ್ಟು ಟೆನ್ಶನ್. ಫೇಲ್ ಆದೆ ಅಂತಲೇ ಹೊರಗೆ ಬರುತ್ತಾರೆ, ಪ್ರತಿ ಸಲವೂ.

ಕಾಕಾನಿಗೆ ಒತ್ತಡ ಇಳಿಸುವ ಹನಿ ಕೊಟ್ಟಿದ್ದಾರೆ, ಅದನ್ನು ಬಿಡುವುದೇ ಒಂದು ದೊಡ್ಡ ಕಥೆ. ಕಾಕಾ ಸ್ವಲ್ಪ ದಿನ ಹಾಕಿಕೊಂಡರು, ಆಮೇಲೆ ನಿಲ್ಲಿಸಿದರು. "ಹಾಕಿದ್ರ ಏನೂ ಫರಕ್ ಗೊತ್ತಾಗೂದಿಲ್ಲಲ್ಲ" ಅಂತ. ಅವರ ತಪ್ಪಲ್ಲ, ತಲೆನೋವಿಗೆ ಗುಳಿಗೆ ತೊಗೊಂಡರೆ ನೋವು ಹೋಗಬೇಕು ಅನ್ನುವ ಲೆಕ್ಕ ನಮ್ಮದು. ಇದು ಇನ್ನಷ್ಟು ಹಾಳಾಗದಂತೆ ತಡೆಯುವ ಔಷಧ, ಗೆದ್ದರೂ ಗೊತ್ತಾಗುವುದಿಲ್ಲ. ಬಿ.ಪಿ. ಗುಳಿಗೆ ಥರ ಜೀವನಪೂರ್ತಿ ಬೇಕು. ಬಿಡುವ ರೀತಿಯನ್ನೂ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಕೆಳಗಿನ ರೆಪ್ಪೆ ಸ್ವಲ್ಪ ಕೆಳಗೆ ಎಳೆದು ಒಂದೇ ಹನಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಒಂದಿಷ್ಟು ಔಷಧ ಗಂಟಲಿಗೆ ಇಳಿಯುತ್ತದೆ. ಎರಡು ಥರದ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಈಗ ಕಾಕೂ ಇದರ ಉಸ್ತುವಾರಿ ವಹಿಸಿಕೊಂಡಿದ್ದಾರೆ. ಕಾಕಾ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇನ್ನೊಂದು ಹನಿಯ ವಿಷಯ, ಇದು ಸಿಟ್ಟಿನ ವಿಷಯ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಕಡೆ ಕಣ್ಣುರಿ ಇಲ್ಲದವರು ಯಾರು? ಮೆಡಿಕಲ್ ಅಂಗಡಿಗೆ ಹೋಗಿ ಕಣ್ಣು ಕೆಂಪಾಗಿದೆ ಅಂದರೆ ಸಾಕು, ಒಂದು ಬಾಟಲಿ ಕೈಗೆ ಬರುತ್ತದೆ. ಎರಡು ದಿನದಲ್ಲಿ ಕಣ್ಣು ಬೆಳ್ಳಗೆ. ಮುಂದಿನ ಸಲ ಅದೇ ಬಾಟಲಿ, ಮನೆಯವರಿಗೆಲ್ಲ ಅದೇ. ಅದರ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಅಂತೇನಾದರೂ ಇದ್ದರೆ ಅದು ಸ್ಟಿರಾಯ್ಡ್. ಡಾಕ್ಟರ್ ಹೇಳಿದಾಗ, ಹೇಳಿದಷ್ಟು ದಿನ ಹಾಕಿದರೆ ಒಳ್ಳೆಯ ಔಷಧ. ತಿಂಗಳುಗಟ್ಟಲೆ ನಾವೇ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬೇಗ ಬರಬಹುದು. ಕಾಕಾನಿಗೆ ಅದರಿಂದಲೇ ಹೀಗಾಯ್ತು ಅಂತ ಡಾಕ್ಟರ್ ಹೇಳಲಿಲ್ಲ. ಆದರೆ ಅವರು ಕೇಳಿದ ಮೊದಲ ಪ್ರಶ್ನೆ ಅದೇ: "ಅಂಗಡಿಯಿಂದ ತಂದು ಏನಾದ್ರೂ ಹಾಕ್ಕೊಂತಿದ್ರೇನ್ರೀ?"

ಗೋವಿನಜೋಳದ ಗರಿ ಕಣ್ಣಿಗೆ ಬಡಿದಾಗ ಆ ಬಾಟಲಿ ಹಾಕುವುದು ಇನ್ನೂ ಕೆಟ್ಟದ್ದು. ಗರಿಯಿಂದ ಆದ ಗಾಯದಲ್ಲಿ ಫಂಗಸ್ ಸೇರಿಕೊಂಡಿದ್ದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗೆಯೇ. ಕಣ್ಣಿನ ಮೇಲೆ ಬಿಳಿ ಕಲೆ ಉಳಿದರೆ ಕಣ್ಣಲ್ಲಿ ಹೂ ಬಿತ್ತು ಅಂತ ಹಳ್ಳಿಯಲ್ಲಿ ಹೇಳುತ್ತಾರಲ್ಲ, ಎಷ್ಟೋ ಜನರಿಗೆ ಅದು ಬಿದ್ದಿದ್ದು ಹೊಲದಲ್ಲಾದ ಗಾಯದಿಂದ. ಎದೆಹಾಲು, ಜೇನುತುಪ್ಪ, ಉಳ್ಳಾಗಡ್ಡಿ ರಸ, ಇವನ್ನೂ ಹಾಕಬೇಡಿ. ಶುದ್ಧ ನೀರಿನಲ್ಲಿ ತೊಳೆದು ಅವತ್ತೇ ತೋರಿಸಿ.

ನಮ್ಮ ಕಡೆಯವರಿಗೆ ಕಣ್ಣಿನ ಕಾಯಿಲೆ ಅಂದರೆ ಪೊರೆ ಒಂದೇ ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಗಟ್ಟಲೆ ಜನರಿಗೆ ಆಪರೇಶನ್ ಮಾಡಿದರು. ಕುರುಡಾಗಿ ಮೂಲೆ ಸೇರಿದ್ದ ಅಜ್ಜ ಕಟ್ಟು ಬಿಚ್ಚಿದ ಮೇಲೆ ಮೊಮ್ಮಕ್ಕಳ ಮುಖ ನೋಡಿದ ಅನ್ನುವ ಮಾತು ಹಳೆಯ ಮನೆಗಳಲ್ಲಿ ಇವತ್ತಿಗೂ ಕೇಳುತ್ತದೆ. ದೊಡ್ಡ ಉಪಕಾರ. ಆದರೆ ಅದರ ಜೊತೆಗೆ ಒಂದು ನಂಬಿಕೆಯೂ ಉಳಿಯಿತು: ಕಣ್ಣು ಪೂರ್ತಿ ಹೋಗಲಿ, ಆಮೇಲೆ ಒಂದು ಆಪರೇಶನ್ ಮಾಡಿಸಿದರೆ ಬರುತ್ತದೆ. ಪೊರೆಗೆ ಈ ಲೆಕ್ಕ ನಡೆಯಬಹುದು. ಗ್ಲಾಕೋಮಾಕ್ಕೆ ನಡೆಯುವುದಿಲ್ಲ.

ಪೊರೆ ಹಣ್ಣಾಗಲಿ ಅಂತ ಕಾಯುವುದು ಕೂಡ ಹಳೇ ಕಾಲದ ಮಾತು. ಆಗ ಒಳಗೆ ಲೆನ್ಸ್ ಕೂಡಿಸುತ್ತಿರಲಿಲ್ಲ, ಆಪರೇಶನ್ ಆದ ಮೇಲೆ ದಪ್ಪ ಗಾಜಿನ ಚಷ್ಮಾ ಹಾಕಿ ತಡಕಾಡಬೇಕಿತ್ತು, ಹಾಗಾಗಿ ಕಾಯುವುದರಲ್ಲಿ ಅರ್ಥ ಇತ್ತು. ಈಗ ದಿನದ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಮಾಡಿಸಬಹುದು. ತೀರಾ ಹಣ್ಣಾಗಲು ಬಿಟ್ಟರೆ ಅದೇ ಒತ್ತಡ ಏರಿಸಿ ಕಣ್ಣು ಕಳೆಯಬಹುದು. ಪೊರೆ ಕರಗಿಸುವ ಹನಿ ಅಂತ ಯಾರಾದರೂ ಮಾರಿದರೆ ದುಡ್ಡು ಉಳಿಸಿಕೊಳ್ಳಿ. ಅಂಥದ್ದಿಲ್ಲ.

ಗದಗದಲ್ಲಿ ನಮ್ಮ ದೊಡ್ಡವ್ವ ಇದ್ದಾರೆ. ಹರೆಯದಲ್ಲಿ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕುತ್ತಿದ್ದವರು, ನಲವತ್ತಕ್ಕೆ ಚಾಳೀಸು ಬಂದಾಗ ಬಹಳ ಬೇಜಾರು ಮಾಡಿಕೊಂಡಿದ್ದರಂತೆ. ಎಪ್ಪತ್ತು ದಾಟಿದ ಮೇಲೆ ಒಂದು ದಿನ ಚಷ್ಮಾ ತೆಗೆದಿಟ್ಟು ಪೇಪರ್ ಓದತೊಡಗಿದರು. ಮನೆಯವರಿಗೆಲ್ಲ ಹೆಮ್ಮೆ. "ದೇವರ ದೃಷ್ಟಿ ಕೊಟ್ಟಾನ" ಅಂತ ಓಣಿ ತುಂಬಾ ಸುದ್ದಿ. ಅದು ಪೊರೆಯ ಲಕ್ಷಣ! ಒಳಗಿನ ಲೆನ್ಸ್ ಗಟ್ಟಿಯಾಗುತ್ತಾ ಹೋದರೆ ಕೆಲವರಿಗೆ ಹತ್ತಿರದ್ದು ಚಷ್ಮಾ ಇಲ್ಲದೆ ಕಾಣತೊಡಗುತ್ತದೆ, ದೂರದ್ದು ಮಸುಕಾಗುತ್ತದೆ. ನಿಮ್ಮ ಮನೆಯ ಅಜ್ಜಿಯೂ ಹೀಗೆ ಹೆಮ್ಮೆ ಪಡುತ್ತಿದ್ದರೆ ಸ್ವಲ್ಪ ದಿನ ಪಡಲಿ, ಆಮೇಲೆ ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಶುಗರ್. ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಇದೆ ಈಗ. ಶುಗರ್ ಕಣ್ಣಿನ ಪರದೆಯ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ, ಅವು ಸೋರುತ್ತವೆ, ಆಮೇಲೆ ಹೊಸ ದುರ್ಬಲ ನಾಳಗಳು ಬೆಳೆದು ಒಡೆದು ರಕ್ತ ಬರುತ್ತದೆ. ಶುರುವಿನಲ್ಲಿ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ದೊಡ್ಡವರಾದ ಮೇಲೆ ಬರುವ ಶುಗರ್ ಗೊತ್ತಾಗುವುದಕ್ಕೆ ಮೊದಲೇ ಎಷ್ಟೋ ದಿನ ಒಳಗೆ ಇರುತ್ತದೆ. ಅದಕ್ಕೆ ಶುಗರ್ ಇದೆ ಅಂತ ಗೊತ್ತಾದ ತಕ್ಷಣ ಒಮ್ಮೆ ಪರದೆ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಬೇಗ ಸಿಕ್ಕರೆ ಲೇಸರ್, ಇಂಜೆಕ್ಷನ್ ಇವೆ. ಬಿ.ಪಿ. ಕೂಡ ಹತೋಟಿಯಲ್ಲಿರಬೇಕು. ಶುಗರ್ ಏರಿದಾಗ ಒಳಗಿನ ಲೆನ್ಸ್ ಉಬ್ಬಿ ನಂಬರೇ ಬದಲಾಗುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ವಾರ ಮಾಡಿಸಿದ ಚಷ್ಮಾ ಶುಗರ್ ಇಳಿದ ಮೇಲೆ ಹೊಂದುವುದಿಲ್ಲ. ದುಡ್ಡೂ ದಂಡ. ಚಷ್ಮಾ ಅಂಗಡಿಯವನಿಗೆ ನಿಮ್ಮ ಶುಗರ್ ಹೇಗೆ ಗೊತ್ತಾಗಬೇಕು?

ಕಾಯಬಾರದ ಕೆಲವು ಇವೆ. ಕಣ್ಣಲ್ಲಿ ಮಿಂಚು ಹೊಡೆದಂತೆ ಆಗುವುದು, ಒಮ್ಮೆಲೇ ಕಪ್ಪು ಚುಕ್ಕೆಗಳು ಬಹಳ ತೇಲುವುದು, ಒಂದು ಪಕ್ಕದಿಂದ ಪರದೆ ಇಳಿದಂತೆ ಕಾಣುವುದು, ಒಮ್ಮೆಗೇ ದೃಷ್ಟಿ ಹೋಗುವುದು. ಅವತ್ತೇ ಹೋಗಿ, ನಾಳೆ ಅಮಾಸಿ ಅದ ಅಂತ ಕೂರಬೇಡಿ. ಇನ್ನೊಂದು, ಮನೆಯಲ್ಲೇ ನೋಡಿಕೊಳ್ಳಬಹುದು: ಗೋಡೆಯ ಕ್ಯಾಲೆಂಡರಿನ ಗೆರೆಗಳನ್ನು ಚಷ್ಮಾ ಹಾಕಿಕೊಂಡು ಒಂದೊಂದೇ ಕಣ್ಣು ಮುಚ್ಚಿ ನೋಡಿ. ನೇರ ಗೆರೆ ಸೊಟ್ಟ ಕಂಡರೆ ಪರದೆಯ ನಡುಭಾಗಕ್ಕೆ ಏನೋ ಆಗಿದೆ. ವಯಸ್ಸಾದವರಿಗೆ ಬರುವ ಈ ತೊಂದರೆ ಬೀಡಿ ಸಿಗರೇಟು ಸೇದುವವರಿಗೆ ಜಾಸ್ತಿ. ಗೆರೆ ನೆಟ್ಟಗೆ ಕಂಡಿತು ಅಂತ ಗ್ಲಾಕೋಮಾ ಇಲ್ಲ ಅಂದುಕೊಳ್ಳಬೇಡಿ ಮತ್ತೆ.

ಕಾಮೆಂಟಿನಲ್ಲಿ ಕ್ಯಾರೆಟ್, ಕಣ್ಣಿನ ವ್ಯಾಯಾಮ ಬರುತ್ತದೆ ಅಂತ ಗೊತ್ತು. ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕೆ ತಿನ್ನಿ, ಒಳ್ಳೆಯದೇ, ನಾನೂ ತಿನ್ನುತ್ತೇನೆ. ಅದು ಊಟ. ಚಿಕಿತ್ಸೆ ಅಲ್ಲ.

ನಲವತ್ತಕ್ಕೆ ಚಾಳೀಸು ಬಂದಾಗಲೇ ಅಂಗಡಿಗಿಂತ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಒಮ್ಮೆ ಹೋಗಿ. ಹುಬ್ಬಳ್ಳಿಯಲ್ಲಿ ಕಿಮ್ಸ್ ಅಂತ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಎಂ.ಎಂ. ಜೋಶಿಯವರ ಕಣ್ಣಿನ ಆಸ್ಪತ್ರೆ ಇದೆ, ಧಾರವಾಡ, ಗದಗ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಗಳಿವೆ. ದೂರದ ಊರಿಗೆ ಹೋಗುವ ಅಗತ್ಯ ಇಲ್ಲ. ಮೂರು ಮಾತು ಕೇಳಲು ನಾಚಿಕೊಳ್ಳಬೇಡಿ: ಪಾಪೆ ಅಗಲಿಸುವ ಹನಿ ಬಿಟ್ಟು ಪರದೆ ನೋಡ್ತೀರಾ, ಒತ್ತಡ ಎಷ್ಟಿದೆ, ನರ ಹೇಗಿದೆ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಮುಂದಿನ ವರ್ಷ ಹೋಲಿಸಿ ನೋಡಲು ಬೇಕಾಗುತ್ತದೆ.

ಹೋಗುವಾಗ ಹಳೆಯ ಚಷ್ಮಾ, ಶುಗರ್ ಬಿ.ಪಿ. ಫೈಲು, ಮನೆಯಲ್ಲಿ ಬಳಸುವ ಹನಿಯ ಬಾಟಲಿಗಳು ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಪಾಪೆ ಅಗಲಿಸುವ ಹನಿ ಬಿಟ್ಟ ಮೇಲೆ ಅರ್ಧ ತಾಸು ಕಾಯಬೇಕು, ಆಮೇಲೆ ಕೆಲವು ತಾಸು ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಚುಚ್ಚುತ್ತದೆ. ಹಾಗಾಗಿ ಗಾಡಿ ಮನೆಯಲ್ಲೇ ಇರಲಿ. ಚಿಗರಿ ಬಸ್ಸಿಗೆ ಹೋಗಿ, ಮಗನೋ ಮಗಳೋ ಒಬ್ಬರು ಅವತ್ತು ರಜೆ ಹಾಕಿ ಜೊತೆಗೆ ಬರಲಿ, ಮೊಬೈಲ್ ನೋಡಿಕೊಂಡು ಹೊರಗಿನ ಬೆಂಚಿನ ಮೇಲೆ ಕೂರದೆ ಡಾಕ್ಟರ್ ರೂಮಿನ ಒಳಗೂ ಬರಲಿ.