9 ವಾಟ್ ನುಂಗಿದ ರಾಗ

ನನ್ನ ಮೊಣಕೈ ಮೇಲೆ ಮೂರು ಸೊಳ್ಳೆ ಕಡಿತ ಇವೆ. ಶನಿವಾರದವು, ಇನ್ನೂ ತುರಿಸುತ್ತಿವೆ. ಕೇಳಿದವರಿಗೆಲ್ಲ "ಶಾಸ್ತ್ರೀಯ ಸಂಗೀತದಿಂದ ಆದದ್ದು" ಅಂತಿದ್ದೇನೆ.

ಮೈಸೂರಿನ ನಮ್ಮ ಮನೆಯಲ್ಲಿ ಮಾವನವರಿಗೆ ರಾತ್ರಿ ರೇಡಿಯೋ ಬೇಕು. ಅದೂ ಬೆಂಗಳೂರಿನ ಮೀಡಿಯಂ ವೇವ್, 612 ಕಿಲೋಹರ್ಟ್ಸ್. "ತಾತ, ಮೊಬೈಲಲ್ಲಿ ಹಾಕ್ಲಾ? ಕ್ಲಿಯರ್ ಆಗಿ ಬರತ್ತೆ" ಅಂದ ಮಗನಿಗೆ "ಅದ್ರಲ್ಲಿ ಬರೋದು ಹಾಡು ಕಣೋ, ರೇಡಿಯೋ ಅಲ್ಲ" ಅಂದುಬಿಟ್ಟರು. ಅಲ್ಲಿಗೆ ಚರ್ಚೆ ಮುಕ್ತಾಯ.

ತೊಂದರೆ ಏನೆಂದರೆ, ಮನೆಯಲ್ಲಿ ಒಂದು ಎಲ್‌ಇಡಿ ಬಲ್ಬ್ ಹೊತ್ತಿದರೂ ಸಾಕು, ರೇಡಿಯೋ ಗರ್ರ್ ಅನ್ನುತ್ತದೆ. ಹಳೇ ಬುರುಡೆ ಬಲ್ಬುಗಳಿಗೆ ಈ ರೋಗ ಇರಲಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಇದೇ ಊರಲ್ಲಿ, ತಮ್ಮ ಮನೆಯಲ್ಲೇ 30 ವಾಟಿನ ಯಂತ್ರ ಇಟ್ಟುಕೊಂಡು ಬಾನುಲಿ ಶುರು ಮಾಡಿದ್ದರು. 'ಆಕಾಶವಾಣಿ' ಅನ್ನೋ ಹೆಸರು ಬಂದದ್ದು ಅಲ್ಲಿಂದಲೇ. ಅದೇ ಊರಲ್ಲಿ ಈಗ ನಮ್ಮ ಅಡುಗೆಮನೆಯ 9 ವಾಟಿನ ಬಲ್ಬು ಆಕಾಶವಾಣಿಯನ್ನು ನುಂಗಿ ನೀರು ಕುಡಿಯುತ್ತಿದೆ.

ಹಾಗಾಗಿ ದೀಪ ಬಂದ್. ರೆಗ್ಯುಲೇಟರೂ ಗುಂಯ್‌ಗುಡುತ್ತೆ ಅಂತ ಫ್ಯಾನೂ ಬಂದ್. ಸೊಳ್ಳೆ ಬ್ಯಾಟ್ ಎತ್ತಿದರೆ ಒಂದೊಂದು ಸೊಳ್ಳೆಗೂ ರೇಡಿಯೋದಲ್ಲಿ ಟಪ್! "ಮೃದಂಗದವರು ಇದ್ದಾರಮ್ಮ, ನೀನು ಬಾರಿಸ್ಬೇಡ" ಅಂತ ಅದನ್ನೂ ಕಿತ್ತಿಟ್ಟರು. ನಮ್ಮನೆಯವರು ಮಾತ್ರ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದರು. ಅವರ ವಿಷಯ ಇಲ್ಲಿ ಬೇಡ.

ಇಷ್ಟಾದರೂ ರೇಡಿಯೋ ನೆಟ್ಟಗೆ ನಿಂತು ಹಾಡುವುದಿಲ್ಲ. ಅದಕ್ಕೊಂದು ದಿಕ್ಕು, ಒಂದು ವಾಲು ಬೇಕು. ಹೋದ ವರ್ಷದ ಪಂಚಾಂಗ ಕೆಳಗಿಟ್ಟರೆ ಭಾಷಣ ಚೆನ್ನಾಗಿ ಬರುತ್ತದೆ. ಮೊನ್ನೆ ಸೋಬಾನೆ ಪದದ ಬಗ್ಗೆ ಒಬ್ಬರು ಮಾತಾಡಿದರು, ಹಾಳೆ ತಿರುಗಿಸಿದ್ದು ಕೂಡ ಸರಕ್ ಅಂತ ಕೇಳಿಸಿತು. ಶನಿವಾರ ಸಂಗೀತ ಕಚೇರಿ ಶುರುವಾಗುತ್ತಿದ್ದಂತೆ ಪಂಚಾಂಗ ಸಾಲದಾಯಿತು. ಮಾವನವರು ರೇಡಿಯೋವನ್ನು ಎರಡೂ ಕೈಯಲ್ಲಿ ಹಸುಗೂಸಿನ ಥರ ಎತ್ತಿಕೊಂಡು ಕಿಟಕಿಗೆ ಹೋದರು, ಬೀರುವಿನ ಪಕ್ಕಕ್ಕೆ ಬಂದರು. ಕೊನೆಗೆ ದೇವರಮನೆ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟಾಗ ಪಿಟೀಲು ಸ್ವಚ್ಛವಾಗಿ ಕೇಳಿಸಿತು. "ಹಾಂ! ಅಲ್ಲಾಡ್ಬೇಡಿ ಯಾರೂ!" ಅಲ್ಲಾಡುತ್ತಿದ್ದವರು ಅವರೊಬ್ಬರೇ. ಎಪ್ಪತ್ತೆಂಟು ವರ್ಷದ ಮನುಷ್ಯ ನರಸಿಂಹನ ಹಾಗೆ ಹೊಸ್ತಿಲ ಮೇಲೆ ಅರ್ಧ ಗಂಟೆ ನಿಂತರು. ತಾಳ ಹಾಕಲು ಕೈ ಖಾಲಿ ಇಲ್ಲ, ಗಲ್ಲದಲ್ಲೇ ಹಾಕಿದರು. ಅವರ ಬೆನ್ನು ತುರಿಸುವ ಕೆಲಸ ನನ್ನದು. "ಎಡಕ್ಕೆ... ಇನ್ನೂ ಎಡಕ್ಕೆ..." ರೇಡಿಯೋಗೋ ಬೆನ್ನಿಗೋ ಗೊತ್ತಾಗದೆ ಎರಡನ್ನೂ ತಿರುಗಿಸಿದೆ. ಸ್ಟೇಷನ್ನೇ ಹೋಯಿತು. ಬೈಸಿಕೊಂಡೆ.

ನಾವು ಟ್ಯೂನ್ ಮಾಡುವಷ್ಟರಲ್ಲಿ ರಾಗದ ಹೆಸರು ಹೇಳಿ ಆಗಿತ್ತು. "ದರ್ಬಾರ್" ಅಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು, "ನಾಯಕಿಯೂ ಇರಬಹುದು" ಅಂದರು. ಅವೆರಡೂ ಅಕ್ಕತಂಗಿಯರ ಹಾಗೆ, ಸಂಗೀತ ಕಲಿತವರೇ ತಡವರಿಸುತ್ತಾರೆ. ಅತ್ತೆ ಇದ್ದಿದ್ದರೆ ಒಗ್ಗರಣೆ ಹಾಕುತ್ತಲೇ ಹೇಳಿಬಿಡುತ್ತಿದ್ದರು. ಪ್ರತಿ ಶನಿವಾರ ನಾಲ್ಕಾಣೆ ಪಂದ್ಯ, ಪ್ರತಿ ಸಲ ಮಾವನದೇ ಸೋಲು. ಪಂದ್ಯದ ಕಾಸು ಹಾಕುತ್ತಿದ್ದ ಡಬ್ಬಿ ಇನ್ನೂ ದೇವರಮನೆಯಲ್ಲಿದೆ. ಅತ್ತೆ ಹೋಗಿ ನಾಲ್ಕು ವರ್ಷ. ಕತ್ತಲಲ್ಲಿ ಮಾವ ಒಮ್ಮೆ ಅಡುಗೆಮನೆ ಕಡೆ ತಿರುಗಿದರು. ರೇಡಿಯೋ ಸ್ವಲ್ಪ ಮಂಕಾಯಿತು. ನಾನು ಏನೂ ಅನ್ನಲಿಲ್ಲ.

ಮೃದಂಗದವರ ತನಿ ಮುಗಿಯಿತು, ಚಪ್ಪಾಳೆ ಬಿತ್ತು. ಮಾವ ಉಸಿರು ಬಿಗಿಹಿಡಿದರು. "ಇದುವರೆಗೆ ನೀವು ಕೇಳಿದ್ದು..." ಅಂತ ಉದ್ಘೋಷಕಿ ಶುರು ಮಾಡಿದರು. ಅಷ್ಟರಲ್ಲಿ ನೀರು ಕುಡಿಯಲು ಎದ್ದುಬಂದ ನಮ್ಮನೆಯವರು ಅಡುಗೆಮನೆ ದೀಪ ಹಾಕಿದರು.

ಗರ್ರ್ರ್ರ್... "...ಆದಿತಾಳ."

"ಯಾಕೆ ಎಲ್ಲಾ ಕತ್ತಲಲ್ಲಿ ಕೂತಿದೀರಾ?" ಅಂದರು ನಮ್ಮನೆಯವರು, ಚೊಂಬು ಹಿಡಿದುಕೊಂಡು.

ಮಾವ ಉತ್ತರ ಕೊಡಲಿಲ್ಲ. ರೇಡಿಯೋ ಕೆಳಗಿಟ್ಟು, ಜೇಬು ತಡಕಿ, ಒಂದು ರೂಪಾಯಿ ತೆಗೆದು ಡಬ್ಬಿಗೆ ಹಾಕಿದರು.