ಹೈಸ್ಕೂಲ್ ಮೈದಾನ ಸುಮ್ನೆ ಬಿದ್ದಿರೋ ಜಾಗ ಅಲ್ಲ

ಕಳೆದ ಭಾನುವಾರ ನಮ್ಮ ಬಡಾವಣೆ ನಿವಾಸಿಗಳ ಸಭೆ ಇತ್ತು. ಒಬ್ಬರು ಎದ್ದು, 'ಸರ್ಕಾರಿ ಹೈಸ್ಕೂಲ್ ಮೈದಾನ ಸುಮ್ನೆ ಬಿದ್ದಿದೆ. ಅರ್ಧಕ್ಕೆ ಟೈಲ್ಸ್ ಹಾಕಿಸಿ ಪಾರ್ಕ್ ಮಾಡಿಸೋಣ, ವಾಕಿಂಗ್‌ಗೆ ಅನುಕೂಲ' ಎಂದರು. ತುಂಬಾ ಜನ ತಲೆಯಾಡಿಸಿದರು. ಶಾಸಕರಿಗೆ ಮನವಿ ಕೊಡುವ ಮಾತೂ ಆಯಿತು. ಅವತ್ತು ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಮೈಸೂರಿನ ರಿಂಗ್ ರಸ್ತೆಯ ಆಚೆ, ಹೂಟಗಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹತ್ತಿರ. ಆ ಮೈದಾನ ಮೊದಲು ಊರಿನ ಗುಂಡುತೋಪು. ನಾನು ಚಿಕ್ಕವನಿದ್ದಾಗ ಇಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಶಾಲೆ. ಹೈಸ್ಕೂಲಿಗೆ ಐದು ಕಿಲೋಮೀಟರ್ ನಡೆಯಬೇಕಿತ್ತು. ಗಂಡು ಹುಡುಗರು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ನಮ್ಮಕ್ಕ ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. 1993ರಲ್ಲಿ ಏಳನೇ ಕ್ಲಾಸ್ ಪಾಸಾದಳು, ಅಲ್ಲಿಗೆ ಅವಳ ಓದು ಮುಗಿಯಿತು. ಹೈಸ್ಕೂಲ್ ಬಂದದ್ದು 1995ರಲ್ಲಿ. ಮೊದಲ ಬ್ಯಾಚಿನಲ್ಲಿ ನಾನಿದ್ದೆ. ಎರಡೇ ವರ್ಷ ನೋಡಿ. ಅವಳು ಎರಡು ವರ್ಷ ತಡವಾಗಿ ಹುಟ್ಟಿದ್ದರೆ ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದಳು.

ಮೊದಲ ವರ್ಷ ರಾಮಮಂದಿರದ ಜಗಲಿ ಮೇಲೆ ಪಾಠ. ಕಟ್ಟಡಕ್ಕೆ ಪಾಯ ತೆಗೆದಾಗ ಮನೆಗೊಬ್ಬರಂತೆ ಬಂದು ಮಣ್ಣು ಹೊತ್ತರು. ಗಾಡಿ ಇದ್ದವರು ಕಲ್ಲು ತಂದು ಹಾಕಿದರು. ನಮ್ಮಪ್ಪ ಓದಿದವರಲ್ಲ, ಆದರೆ ಆ ವಾರ ಗದ್ದೆ ಕಡೆ ತಲೆ ಹಾಕಲಿಲ್ಲ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದುಕೊಂಡು ನಮ್ಮೂರಿಗೆ ಬರುವುದನ್ನು ಆಗ ನೋಡಬೇಕಿತ್ತು. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. ಅಡುಗೆ ಕೆಲಸಕ್ಕೆ ನಮ್ಮಕ್ಕ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ತಾನು ಓದಲಾಗದ ಹೈಸ್ಕೂಲಿನಲ್ಲಿ ಊರಿನ ಮಕ್ಕಳಿಗೆಲ್ಲ ಅನ್ನ ಸಾರು ಬಡಿಸುತ್ತಾಳೆ. ಅವಳ ಮಗಳು ಅದೇ ಶಾಲೆಯಲ್ಲಿ ಓದಿ ಈಗ ನರ್ಸ್.

ಈಗ ಊರು ಬದಲಾಗಿದೆ. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಹೊಲಗಳೆಲ್ಲ ಸೈಟುಗಳಾದವು. ಬಡಾವಣೆಯ ಮಕ್ಕಳನ್ನು ಬೆಳಿಗ್ಗೆ ಹಳದಿ ಬಸ್ಸು ಕರೆದುಕೊಂಡು ಹೋಗುತ್ತದೆ. ನನ್ನ ಮಗನೂ ಅದೇ ಬಸ್ಸು ಹತ್ತುತ್ತಾನೆ. ಹಾಗಾಗಿ 'ನಿಮ್ಮ ಮಕ್ಕಳನ್ನು ಇಲ್ಲಿಗೆ ಸೇರಿಸಿ' ಎಂದು ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಹಾಗಾದ್ರೆ ಹೈಸ್ಕೂಲಿನಲ್ಲಿ ಈಗ ಓದುವವರು ಯಾರು? ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಫ್ಯಾಕ್ಟರಿಯ ಗುತ್ತಿಗೆ ಕಾರ್ಮಿಕರ ಮಕ್ಕಳು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರ ಮಕ್ಕಳು. ನಮ್ಮ ಮನೆಗಳ ಗೋಡೆ ಕಟ್ಟಿದವರೇ ಇವರ ಅಪ್ಪಂದಿರು.

ಈ ಮಕ್ಕಳಿಗೆ ಎಂಟನೇ ಕ್ಲಾಸ್ ಆದಮೇಲೇ ಕಷ್ಟ ಜಾಸ್ತಿ. ಕಡ್ಡಾಯ ಶಿಕ್ಷಣದ ಕಾನೂನು ಹದಿನಾಲ್ಕು ವರ್ಷದವರೆಗೆ ಮಾತ್ರ. ಒಂಬತ್ತನೇ ಕ್ಲಾಸಿಗೆ ಬಂದ ಹುಡುಗ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದರೆ ದಿನಕ್ಕೆ ಇಷ್ಟು ಅಂತ ದುಡ್ಡು ಕೈಗೆ ಬರುತ್ತದೆ. ಅಂಥ ಹುಡುಗನನ್ನು ಶಾಲೆಯಲ್ಲಿ ಹಿಡಿದಿಡುವುದು ಏನು? ಮೇಷ್ಟ್ರ ಬಾಯಲ್ಲೇ ಕೇಳಿದ್ದೇನೆ: ಎಷ್ಟೋ ಹುಡುಗರು ಬರುವುದು ಮಧ್ಯಾಹ್ನದ ಊಟಕ್ಕೆ, ಸಾಯಂಕಾಲದ ಕಬಡ್ಡಿಗೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹೆಸರು ಬಂದ ಹುಡುಗ ಆ ವರ್ಷ ಶಾಲೆ ಬಿಡುವುದಿಲ್ಲವಂತೆ. ಟೈಲ್ಸ್ ಮೇಲೆ ಕಬಡ್ಡಿ ಆಡೋಕಾಗತ್ತಾ? ಖೋ ಖೋ ಕಂಬ ಎಲ್ಲಿ ನೆಡೋದು?

ಪಾರ್ಕಿನ ವಿಷಯ ಅಕ್ಕನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. 'ಅಲ್ಲ ಕಣೋ, ಐಕ್ಳು ಆ ಹೊಂಗೆ ಮರದಡೀಲೇ ಉಣ್ಣದು. ಅದನ್ನೂ ಸೇರಿಸ್ಕಂಡ್ಬುಟ್ರೆ ನಾ ಎಲ್ಲಿ ಕೂರ್ಸಿ ಬಡಿಸ್ಲಿ?' ಎಂದಳು. ಸಭೆಯಲ್ಲಿ ಇದನ್ನು ಒಬ್ಬರೂ ಕೇಳಲಿಲ್ಲ, ಅಲ್ವಾ?

ಬಡಾವಣೆಯವರ ಮೇಲೆ ನನಗೆ ದ್ವೇಷ ಇಲ್ಲ. ನಾನೂ ಅಲ್ಲೇ ಮನೆ ಕಟ್ಟಿದ್ದೇನೆ. ಚುನಾವಣೆ ಬಂದರೆ ಎಲ್ಲರೂ ಅದೇ ಶಾಲೆಯ ಕೋಣೆಗಳಲ್ಲಿ ವೋಟು ಹಾಕುತ್ತೇವೆ. ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ಮೈದಾನದಲ್ಲಿ ನಡೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ವಯಸ್ಸಾದವರಿಗೆ ನಡೆಯಲು ಜಾಗ ಬೇಕು, ನಿಜ. ಆದರೆ ಬಡಾವಣೆ ನಕ್ಷೆಯಲ್ಲೇ ಪಾರ್ಕಿಗೆ ಅಂತ ಜಾಗ ಬಿಟ್ಟಿದ್ದಾರೆ. ಅಲ್ಲೀಗ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿದೆ. ಮನವಿ ಕೊಡುವುದಾದರೆ ಅದಕ್ಕೆ ಕೊಡೋಣ, ಮೊದಲ ಸಹಿ ನನ್ನದೇ.

ಇನ್ನೊಂದು ಮಾತು. ನಮ್ಮ ಬಡಾವಣೆಯಲ್ಲಿ ರಿಟೈರಾದ ಇಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಲೆಕ್ಚರರ್‌ಗಳಿದ್ದಾರೆ. ಹತ್ತನೇ ಕ್ಲಾಸಿನ ಮಕ್ಕಳು ಗಣಿತಕ್ಕೆ, ಇಂಗ್ಲಿಷಿಗೆ ಒದ್ದಾಡುತ್ತಿದ್ದಾರೆ. ಶನಿವಾರ ಮಧ್ಯಾಹ್ನ ಒಂದು ಗಂಟೆ ಕೂತು ಹೇಳಿಕೊಟ್ಟರೆ ಎಷ್ಟು ಆಸರೆ! ಹೆಡ್‌ಮೇಡಂ ಹತ್ತಿರ ನಾನು ಮಾತಾಡಿದ್ದೇನೆ, ಅವರು ಖುಷಿಯಾಗಿ ಒಪ್ಪಿದ್ದಾರೆ. ಬರುವವರು ಕೆಳಗೆ ಹೆಸರು ಬರೆಯಿರಿ.

ಈ ಭಾನುವಾರ ಹತ್ತು ಗಂಟೆಗೆ ಮತ್ತೆ ಸಭೆ ಇದೆ. ಈ ಸಲ ನಾನು ಮಾತಾಡುತ್ತೇನೆ. ಅಕ್ಕನೂ ಬರುತ್ತೇನೆ ಎಂದಿದ್ದಾಳೆ.